ನೋಡಲು ಚೆಂದದ ಟರ್ನ್‌ಟೇಬಲ್: ಬಳ್ಳಾರಿ ಸೀಮೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿಯ ನಮ್ಮ ಮನೆಯ ಪಡಸಾಲೆಗೆ ಬಂದವರು ಅಲ್ಲಿರುವ ಟರ್ನ್‌ಟೇಬಲ್, ಅಂದರೆ ರೆಕಾರ್ಡು ತಿರುಗಿಸುವ ಯಂತ್ರ, ನೋಡಿ ಮೊದಲು ಕೇಳುವುದು, "ಇದು ಈಗಲೂ ಹಾಡುತ್ತದೆಯೇ?" ಹಾಡುತ್ತದೆ ಎಂದ ಮೇಲೆ ಮಾತು ನೇರವಾಗಿ ಅಂದಚೆಂದಕ್ಕೆ ಹೊರಳುತ್ತದೆ. ಈ ಬಣ್ಣ ಏಕೆ, ಆ ಮುಚ್ಚಳ ಏಕೆ, ಮರದ್ದು ಸಿಗುವುದಿಲ್ಲವೇ, ನಮ್ಮ ಶೋಕೇಸಿನಲ್ಲಿ ಹಿಡಿಸುತ್ತದೆಯೇ. ರಾಯಚೂರು, ಕೊಪ್ಪಳದ ಗೆಳೆಯರು ಪತ್ರದಲ್ಲಿ ಕೇಳಿದ್ದನ್ನೂ ಸೇರಿಸಿ ಇಲ್ಲಿ ಒಟ್ಟು ಮಾಡಿದ್ದೇನೆ. ಧ್ವನಿಯ ಗುಣದ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ಇಲ್ಲಿರುವುದು ಹೆಚ್ಚಾಗಿ ಕಣ್ಣಿನ ವಿಚಾರ.

## ಮೊದಮೊದಲ ಸಂಶಯಗಳು

ಬರೀ ಚೆಂದ ಕಾಣುತ್ತದೆ ಎಂದು ಟರ್ನ್‌ಟೇಬಲ್ ಕೊಂಡರೆ ಜನ ನಗುವುದಿಲ್ಲವೇ?

ನಗಲಿ ಬಿಡಿ. ಬರೀ ಹಾಡು ಬೇಕಾದವರಿಗೆ ಜೇಬಿನಲ್ಲೇ ಮೊಬೈಲ್ ಇದೆ. ರೆಕಾರ್ಡು ಹಾಕುವವರು ಅದು ತಿರುಗುವುದನ್ನು ನೋಡಲೂ ಹಾಕುತ್ತಾರೆ. ಎಲ್‌ಪಿ, ಅಂದರೆ ದೊಡ್ಡ ರೆಕಾರ್ಡು, ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ, ಅಂದರೆ ಒಂದು ಸುತ್ತಿಗೆ 1.8 ಸೆಕೆಂಡು. ತೊಟ್ಟಿಲು ತೂಗುವ ಲಯಕ್ಕೆ ಹತ್ತಿರದ ವೇಗ ಇದು, ಕಣ್ಣು ದಣಿಯುವುದಿಲ್ಲ. ಸಂಜೆ ಕಿಟಕಿಯ ಬೆಳಕು ಓರೆಯಾಗಿ ಬಿದ್ದಾಗ ಗಮನಿಸಿ: ತಟ್ಟೆಯ ಮೇಲೆ ಬೀಸಣಿಗೆಯ ಆಕಾರದ ಒಂದು ಹೊಳಪು ಮೂಡುತ್ತದೆ. ತಟ್ಟೆ ತಿರುಗುತ್ತಲೇ ಇರುತ್ತದೆ, ಹೊಳಪು ಮಾತ್ರ ನಿಂತಲ್ಲೇ ನಿಂತಿರುತ್ತದೆ.

ಕೊಳ್ಳುವ ಮುಂಚೆ ಯಂತ್ರವನ್ನು ಮೂರು ಸ್ಥಿತಿಯಲ್ಲಿ ಕಲ್ಪಿಸಿಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಮುಚ್ಚಳ ಹಾಕಿ ಸುಮ್ಮನೆ ಕುಳಿತಾಗ, ತಟ್ಟೆ ತಿರುಗುವಾಗ, ಎಂಟು ದಿನ ಯಾರೂ ಒರೆಸದೆ ಬಿಟ್ಟಾಗ. ಅಂಗಡಿಯಲ್ಲಿ ಕಾಣುವುದು ಮೊದಲನೆಯದು ಮಾತ್ರ. ನಮ್ಮ ಸೀಮೆಯಲ್ಲಿ ಹೆಚ್ಚು ದಿನ ಕಾಣುವುದು ಮೂರನೆಯದು.

ಗ್ರಾಮಫೋನ್, ರೆಕಾರ್ಡ್ ಪ್ಲೇಯರ್, ಟರ್ನ್‌ಟೇಬಲ್ ಎಲ್ಲ ಒಂದೇ ಅಲ್ಲವೇ?

ಅಲ್ಲ. ಕೀಲಿ ಕೊಟ್ಟು ತಿರುಗಿಸುವ, ಕಹಳೆಯಿಂದ ಹಾಡುವ, ವಿದ್ಯುತ್ತೇ ಬೇಡದ ಯಂತ್ರ ಗ್ರಾಮಫೋನ್. ಸ್ಪೀಕರ್ ಮತ್ತು ಆಂಪ್ಲಿಫೈಯರ್ ಎರಡನ್ನೂ ಹೊಟ್ಟೆಯಲ್ಲೇ ಇಟ್ಟುಕೊಂಡದ್ದು ರೆಕಾರ್ಡ್ ಪ್ಲೇಯರ್. 1970ರ ದಶಕದಲ್ಲಿ ನಮ್ಮ ಮನೆಗಳಿಗೆ ಬಂದ ಎಚ್‌ಎಂವಿ ಫಿಯೆಸ್ಟಾ ಈ ಜಾತಿಗೆ ಸೇರಿದ್ದು. ಟರ್ನ್‌ಟೇಬಲ್ ತಟ್ಟೆಯನ್ನು ತಿರುಗಿಸಿ ಮುಳ್ಳಿನಿಂದ ಸಂಕೇತ ಎತ್ತಿಕೊಡುತ್ತದೆ, ಅಷ್ಟೇ. ಆ ಸಣ್ಣ ಸಂಕೇತವನ್ನು ಹಿಗ್ಗಿಸುವ ಫೋನೊ ಪ್ರೀಆಂಪ್, ಆಂಪ್ಲಿಫೈಯರ್, ಸ್ಪೀಕರ್‌ಗಳನ್ನು ಬೇರೆಯಾಗಿ ಜೋಡಿಸಬೇಕು. ನೋಟದ ಲೆಕ್ಕದಲ್ಲಿ ಇದರರ್ಥ ಇಷ್ಟು: ಟರ್ನ್‌ಟೇಬಲ್ ಕೊಂಡವರು ಅದರ ಹಿಂದಿನ ತಂತಿಗಳ ಗೋಜಲನ್ನೂ ಕೊಂಡ ಹಾಗೆ. ತಂತಿ ಅಡಗಿಸಲು ಜಾಗ ಹುಡುಕಿಟ್ಟುಕೊಂಡೇ ಮುಂದುವರಿಯಿರಿ.

ಹಿತ್ತಾಳೆ ಕಹಳೆ ಇರುವ ಹೊಸ ಗ್ರಾಮಫೋನ್‌ಗಳು ಮಾರಾಟಕ್ಕಿವೆ. ಪಡಸಾಲೆಗೆ ಅದೇ ಶೋಭೆಯಲ್ಲವೇ?

ಶೋಭೆಗೇ ಆದರೆ ಹಿತ್ತಾಳೆಯ ದೊಡ್ಡ ಕೊಡವೊಂದನ್ನು ಬೆಳಗಿ ಇಡಿ, ಅದು ನೀರಿಗಾದರೂ ಬರುತ್ತದೆ. ಈ ಯಂತ್ರಗಳಲ್ಲಿ ಬಹಳಷ್ಟು ಹಳೆಯ ಬಿಡಿಭಾಗಕ್ಕೆ ಹೊಸ ಪೆಟ್ಟಿಗೆ ತೊಡಿಸಿದಂಥವು. ಕೆಲವಂತೂ ಒಳಗೆ ಬ್ಲೂಟೂತ್ ಸ್ಪೀಕರ್ ಇಟ್ಟುಕೊಂಡು ಮೇಲೆ ವೇಷ ಹಾಕಿರುತ್ತವೆ. ಆ ಕಹಳೆಯೊಳಗೆ ಗಾಳಿಯೂ ಆಡುವುದಿಲ್ಲ.

ಕೀಲಿಯದ್ದು ನಿಜವಾಗಿ ಹಾಡುವಂಥದ್ದಾದರೆ ಇನ್ನೊಂದು ಅಪಾಯವಿದೆ. ಅದರ ಸೌಂಡ್‌ಬಾಕ್ಸ್, ಅಂದರೆ ಮುಳ್ಳು ಹಿಡಿದು ದನಿ ಹೊರಡಿಸುವ ಡಬ್ಬಿ, ನೂರು ಗ್ರಾಮಿಗೂ ಹೆಚ್ಚು ಭಾರವಾಗಿ ಉಕ್ಕಿನ ಮುಳ್ಳನ್ನು ತಟ್ಟೆಯ ಮೇಲೆ ಒತ್ತುತ್ತದೆ. ಅರಗಿನಿಂದ ಮಾಡಿದ, ನಿಮಿಷಕ್ಕೆ 78 ಸುತ್ತಿನ ಹಳೆಯ 78ರ ತಟ್ಟೆ ಅದನ್ನು ತಾಳಿಕೊಳ್ಳುತ್ತದೆ. ಆ ತಟ್ಟೆಯಲ್ಲಿ ಬೆರೆಸಿದ ಕಲ್ಲಿನ ಪುಡಿ ಮುಳ್ಳನ್ನೇ ಸವೆಸುತ್ತದೆ, ಆದ್ದರಿಂದಲೇ ಒಂದು ಮಗ್ಗುಲಿಗೆ ಒಂದು ಮುಳ್ಳು ಎಂಬ ರೂಢಿ ಬಂತು. ಎಲ್‌ಪಿಯನ್ನು ಅದರಡಿ ಇಟ್ಟರೆ ಒಂದೇ ಸಲಕ್ಕೆ ಹಾಡು ಕೊರೆದ ಗೀರು ಕಿತ್ತುಹೋಗುತ್ತದೆ. ಅಜ್ಜನ ಕಾಲದ ಅಸಲಿ ಗ್ರಾಮಫೋನ್ ಮನೆಯಲ್ಲಿದ್ದರೆ ಅದರ ಮಾತೇ ಬೇರೆ. ಅದನ್ನು ಒರೆಸಿ, ಎಣ್ಣೆ ಬಿಟ್ಟು, 78ರ ತಟ್ಟೆಗಳೊಂದಿಗೆ ಮಾತ್ರ ಬಾಳಲು ಬಿಡಿ.

ಸೂಟ್‌ಕೇಸಿನಂತೆ ಮಡಿಸುವ ಬಣ್ಣ ಬಣ್ಣದ ಪ್ಲೇಯರ್ ಮಗಳಿಗೆ ಇಷ್ಟವಾಗಿದೆ. ಕೊಡಿಸಲೇ?

ಇಷ್ಟವಾಗಿದ್ದರೆ ಕೊಡಿಸಿ, ಆದರೆ ಇದು ಮೊದಲ ಮೆಟ್ಟಿಲು ಎಂದು ತಿಳಿದು ಕೊಡಿಸಿ. ಇದರ ಅಗ್ಗದ ಸೆರಾಮಿಕ್ ಕಾರ್ಟ್ರಿಡ್ಜ್ (ಮುಳ್ಳನ್ನು ಹಿಡಿದಿರುವ ಪುಟ್ಟ ಡಬ್ಬಿ) ಒಳ್ಳೆಯ ಕಾರ್ಟ್ರಿಡ್ಜಿಗಿಂತ ಎರಡು ಮೂರು ಪಟ್ಟು ಹೆಚ್ಚು ಭಾರ ಹೇರುತ್ತದೆ, ಮುಳ್ಳಿನ ತೋಳಿನ ತೂಕ ಸರಿಪಡಿಸುವ ಏರ್ಪಾಡು ಇರುವುದಿಲ್ಲ. ನೋಟದಲ್ಲೂ ಒಂದು ಕೊರತೆ ಇದೆ. ಪೆಟ್ಟಿಗೆ ಎಲ್‌ಪಿಗಿಂತ ಚಿಕ್ಕದು, 12 ಇಂಚಿನ ತಟ್ಟೆ ಅಂಚಿನಿಂದ ಹೊರಗೆ ಚಾಚಿಕೊಂಡು ತಿರುಗುತ್ತದೆ. ಚಿಕ್ಕ ಹಂಚಿನ ಮೇಲೆ ದೊಡ್ಡ ರೊಟ್ಟಿ ಹಾಕಿದ ಹಾಗೆ. ಮುಚ್ಚಿಟ್ಟಾಗ ಮುದ್ದಾಗಿ ಕಾಣುವ ಇದು ಹಾಡುವಾಗಲೇ ಅಡ್ಡಾದಿಡ್ಡಿಯಾಗಿ ಕಾಣುತ್ತದೆ ಎಂಬುದು ನನ್ನ ತಕರಾರು.

## ಬಣ್ಣ, ಮರ, ಧೂಳು

ನಮ್ಮ ಕಡೆಗೆ ಯಾವ ಬಣ್ಣ ಸರಿ?

ಊರ ಧೂಳಿನ ಬಣ್ಣ ನೋಡಿ ಆರಿಸಿ. ಇದು ತಮಾಷೆಯ ಮಾತಲ್ಲ. ಬಳ್ಳಾರಿ, ಸಂಡೂರು, ತೋರಣಗಲ್ಲಿನ ಧೂಳಿನಲ್ಲಿ ಕಬ್ಬಿಣದ ಅದಿರಿನ ಕೆಂಪು ಇದೆ. ಬಿಳಿಯ ಟರ್ನ್‌ಟೇಬಲ್ ಮೇಲೆ ಅದು ಮಾಸಿದ ಗುಲಾಬಿಯಾಗಿ ಕೂರುತ್ತದೆ, ಕಪ್ಪಿನ ಮೇಲೆ ಕುಂಕುಮ ಚೆಲ್ಲಿದಂತೆ ಎದ್ದು ಕಾಣುತ್ತದೆ. ಇಲ್ಲಿ ಅಕ್ರೋಟು ಬಣ್ಣದ ಮರದ ಮೈ ಎಲ್ಲಕ್ಕಿಂತ ಕ್ಷಮಾಶೀಲ. ರಾಯಚೂರಿನಲ್ಲಿ, ಅದರಲ್ಲೂ ಶಾಖೋತ್ಪನ್ನ ವಿದ್ಯುತ್ ಸ್ಥಾವರವಿರುವ ಶಕ್ತಿನಗರದ ಕಡೆ, ಬೂದಿಯೂ ಎರೆಮಣ್ಣಿನ ಪುಡಿಯೂ ಸೇರಿ ಧೂಳು ನಸುಬೂದು. ಅಲ್ಲಿ ಬೆಳ್ಳಿಯ ಬಣ್ಣದ ಅಲ್ಯೂಮಿನಿಯಂ ಮೈ ಒಳ್ಳೆಯದು. ಕಪ್ಪು ಎಂದಿಗೂ ಬೇಡ.

ಬಣ್ಣಕ್ಕಿಂತ ದೊಡ್ಡ ಆಯ್ಕೆ ಹೊಳಪಿನದು. ಪಿಯಾನೊದಂತೆ ಮಿರಿಮಿರಿ ಮಿಂಚುವ ಮೈ ಚಿತ್ರದಲ್ಲಿ ಮನಸೆಳೆಯುತ್ತದೆ, ಮನೆಗೆ ಬಂದ ಮೊದಲ ವಾರವೇ ಬೆರಳಚ್ಚಿನ ಕಡತವಾಗುತ್ತದೆ. ಒಣಬಟ್ಟೆಯಿಂದ ನಾಲ್ಕು ಸಲ ಒರೆಸಿದರೆ ಕೂದಲೆಳೆಯ ಗೀರುಗಳು ಬೀಳುತ್ತವೆ, ಏಕೆಂದರೆ ನಮ್ಮ ಧೂಳು ಉಪ್ಪುಕಾಗದದ ತಮ್ಮ. ಸ್ಯಾಟಿನ್ ಅಥವಾ ಮಂಕು ಮೈಯನ್ನೇ ತೆಗೆದುಕೊಳ್ಳಿ. ಆಸ್ಟ್ರಿಯಾದ ಪ್ರೊ-ಜೆಕ್ಟ್ ಕಂಪನಿಯ ಡೆಬ್ಯೂ ಕಾರ್ಬನ್ ಇವೊ ಸ್ಯಾಟಿನ್ ಮೈಯ ಹಸಿರು, ನೀಲಿ, ಹಳದಿಗಳಲ್ಲೂ ಬಂದಿದೆ. ಆ ಕಡುಹಸಿರು ನಮ್ಮ ಸುಣ್ಣದ ಗೋಡೆಗಳೆದುರು ಬಹಳ ಒಪ್ಪುತ್ತದೆ ಎಂದು ನನ್ನ ಅನಿಸಿಕೆ.

ಮರದ ಮೈ ಎಂದು ಬರೆದಿರುತ್ತಾರೆ. ನಿಜವಾದ ಮರವೋ, ಸ್ಟಿಕ್ಕರೋ ಗೊತ್ತಾಗುವುದು ಹೇಗೆ?

ಮೂಲೆ ನೋಡಿ. ನಿಜವಾದ ಮರದ ಪದರ ಅಂಟಿಸಿದ್ದರೆ ಮೇಲ್ಮೈಯ ಎಳೆಗೂ ಬದಿಯ ಎಳೆಗೂ ಜೋಡಣೆಯ ಗೆರೆ ಇರುತ್ತದೆ. ಪ್ಲಾಸ್ಟಿಕ್ ಹಾಳೆಯಾದರೆ ಎಳೆ ಮೂಲೆಯನ್ನು ನುಣುಪಾಗಿ ಬಳಸಿ ಹೋಗುತ್ತದೆ, ಸ್ವಲ್ಪ ದೂರದಲ್ಲಿ ಅದೇ ಗಂಟು ಮತ್ತೆ ಕಾಣಿಸಿಕೊಳ್ಳುತ್ತದೆ. ಪದರದ ಒಳಗೆ ಎಂಡಿಎಫ್ (ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ) ಇದ್ದರೆ ಬೇಸರ ಬೇಡ. ಏಪ್ರಿಲ್ ತಿಂಗಳ ನಮ್ಮ ಒಣಗಾಳಿಗೆ ಇಡೀ ಮರದ ಹಲಗೆ ಸೊರಗಿ ಬಾಗಬಹುದು. ಎಂಡಿಎಫ್ ಅಷ್ಟು ಬೇಗ ಅಲುಗುವುದಿಲ್ಲ.

ಪಾರದರ್ಶಕ ಮುಚ್ಚಳ ಬೇಕೇ? ಅದಿಲ್ಲದ ಮಾದರಿಗಳೇ ಹೆಚ್ಚು ಚೆಂದ ಕಾಣುತ್ತವೆ.

ಚೆಂದ ಕಾಣುತ್ತವೆ, ಒಪ್ಪಿದೆ. ಆದರೆ ಬಳ್ಳಾರಿಯಲ್ಲಿ ಮುಚ್ಚಳವಿಲ್ಲದ ಟರ್ನ್‌ಟೇಬಲ್ ಎಂದರೆ ಅಂಗಳದಲ್ಲಿ ಹರವಿಟ್ಟ ಹಪ್ಪಳ. ಮುಚ್ಚಳ ಬೇಕೇ ಬೇಕು.

ಅದನ್ನು ಒರೆಸುವ ರೀತಿ ಕಲಿಯಲು ನಾನು ತೆತ್ತ ಬೆಲೆ ಹೇಳುತ್ತೇನೆ. ಒಂದು ದೀಪಾವಳಿಯ ಮುನ್ನಾದಿನ ಮನೆಯ ಕಿಟಕಿ ಗಾಜು ಉಜ್ಜುತ್ತಿದ್ದವನು ಅದೇ ಭರದಲ್ಲಿ, ಅದೇ ದ್ರಾವಣವನ್ನು ಮುಚ್ಚಳಕ್ಕೂ ಸಿಂಪಡಿಸಿದೆ. ಮುಚ್ಚಳ ಗಾಜಿನದಲ್ಲ, ಅಕ್ರಿಲಿಕ್. ಸ್ಪಿರಿಟ್, ಅಮೋನಿಯಾ ಇರುವ ದ್ರಾವಣ ತಗುಲಿದರೆ ಅಕ್ರಿಲಿಕ್ ಒಳಗೊಳಗೇ ಸೀಳುತ್ತದೆ. ಆ ರಾತ್ರಿ ಏನೂ ಕಾಣಲಿಲ್ಲ. ಕೆಲವು ದಿನಗಳ ನಂತರ ಬಿಸಿಲು ಬಿದ್ದಾಗ ಮುಚ್ಚಳದ ಹಿಂಜಿನ ಸುತ್ತ ಜೇಡರ ಬಲೆಯಂತೆ ಬೆಳ್ಳಗಿನ ಎಳೆಗಳು ಕಂಡವು. ಬೆರಳಾಡಿಸಿದರೆ ಮೇಲ್ಮೈ ನುಣುಪಾಗಿಯೇ ಇತ್ತು, ಬಿರುಕು ಒಳಗಿತ್ತು. ಈಗ ನಾನು ಮೊದಲು ಮೆತ್ತನೆಯ ಕುಂಚದಿಂದ ಧೂಳು ಕೊಡವುತ್ತೇನೆ, ಆಮೇಲೆ ಬರೀ ನೀರಿನಲ್ಲಿ ಅದ್ದಿ ಹಿಂಡಿದ ಹಳೆಯ ಧೋತರದ ತುಂಡಿನಿಂದ ಒರೆಸುತ್ತೇನೆ. ಒಣಬಟ್ಟೆಯಿಂದ ಉಜ್ಜಿದರೆ ಅಕ್ರಿಲಿಕ್‌ನಲ್ಲಿ ಸ್ಥಾಯಿ ವಿದ್ಯುತ್ ಹುಟ್ಟಿ, ಕೊಡವಿದ ಧೂಳೇ ಹತ್ತು ನಿಮಿಷದಲ್ಲಿ ಮರಳಿ ಬಂದು ಕೂರುತ್ತದೆ.

ಬಿಸಿಲಿನಲ್ಲಿ ಇದು ಚೆಂದ ಕಾಣುತ್ತದೆ ಎಂದು ಕಿಟಕಿ ಪಕ್ಕ ಇಟ್ಟಿದ್ದೇನೆ. ತೊಂದರೆಯೇ?

ಇಂದೇ ಸರಿಸಿ. ಎಲ್‌ಪಿ ಎಂದರೆ ಪಿವಿಸಿ. ಸುಮಾರು 60 ಡಿಗ್ರಿಗೆ ಅದು ಮೆದುವಾಗತೊಡಗುತ್ತದೆ. ರಾಯಚೂರಿನ ಮೇ ತಿಂಗಳಲ್ಲಿ ನೆರಳಿನಲ್ಲೇ ನಲವತ್ತು ದಾಟಿರುತ್ತದೆ. ಮುಚ್ಚಳದೊಳಗೆ ಬಿಸಿಲಿಗೆ ಸಿಕ್ಕ ಕಪ್ಪು ತಟ್ಟೆಗೆ ಉಳಿದ ದೂರ ಹೆಚ್ಚಿಲ್ಲ. ತಟ್ಟೆ ಬಾಗಿದರೆ ಮುಳ್ಳಿನ ತೋಳು ಕಿರಿದಾದ ಅಲೆಗಳ ಮೇಲೆ ದೋಣಿಯಂತೆ ಏರಿಳಿಯುತ್ತದೆ. ನೋಡಲು ಸೊಗಸು, ಕೇಳಲು ಸಂಕಟ.

## ಎಲ್ಲಿ ಇಡುವುದು

ಹಳೆಯ ಮನೆ, ದಪ್ಪ ಗೋಡೆಯಲ್ಲಿ ಮಾಡಗಳಿವೆ. ಅದರಲ್ಲೇ ಕೂರಿಸಬಹುದೇ?

ಅಳತೆ ಹಿಡಿದು ನೋಡಿ. ಸಾಮಾನ್ಯ ಟರ್ನ್‌ಟೇಬಲ್ 42ರಿಂದ 45 ಸೆಂಟಿಮೀಟರ್ ಅಗಲ, ಸುಮಾರು 35 ಸೆಂಟಿಮೀಟರ್ ಆಳ. ಹಿಂದೆ ತಂತಿಗೆ ನಾಲ್ಕು ಬೆರಳು ಜಾಗ ಬೇಕು. ಮುಚ್ಚಳ ಮೇಲಕ್ಕೆ ತೆರೆಯಲು ಇನ್ನೂ ನಲವತ್ತು ಸೆಂಟಿಮೀಟರ್ ಎತ್ತರ ಬೇಕು. ದೀಪದ ಮಾಡದಲ್ಲಿ ಇದಾವುದೂ ಸಿಗುವುದಿಲ್ಲ. ಮಾಡದಲ್ಲಿ ತಟ್ಟೆಗಳನ್ನು ನೆಟ್ಟಗೆ ನಿಲ್ಲಿಸಿ. ಯಂತ್ರವನ್ನು ಅದರ ಕೆಳಗೆ ಶಹಾಬಾದ್ ಕಲ್ಲಿನ ಹಲಗೆ ಕೊಡಿಸಿ ಅದರ ಮೇಲಿಡಿ. ಗೋಡೆಯಿಂದ ಹೊರಚಾಚಿದ ಹಲಗೆಗೆ ಇನ್ನೊಂದು ಲಾಭವಿದೆ: ಮಕ್ಕಳು ಓಡಾಡಿದರೆ ಮುಳ್ಳು ಜಿಗಿಯುವುದಿಲ್ಲ. ಕಲ್ಲು ಹಾಸಿದ ನೆಲದಲ್ಲಿ ಆ ಭಯ ಕಡಿಮೆ. ತೊಲೆ ಮೇಲೆ ಹಲಗೆ ಹಾಕಿದ ಅಟ್ಟದ ಮನೆಗಳಲ್ಲಿ ಅದು ನಿತ್ಯದ ಕಾಟ.

ಕುಷ್ಟಗಿ ಕಡೆಯವರು ನಾವು, ಗ್ರಾನೈಟ್‌ಗೆ ಬರವಿಲ್ಲ. ಯಂತ್ರದ ಕೆಳಗೆ ಚಪ್ಪಡಿ ಹಾಕಿದರೆ ಹೇಗೆ?

ಇಳಕಲ್ ಕೆಂಪು ಗ್ರಾನೈಟಿನ ಮೇಲೆ ಬೆಳ್ಳಿಯ ಬಣ್ಣದ ಟರ್ನ್‌ಟೇಬಲ್ ಇಟ್ಟರೆ ಕಾಣುವ ಗತ್ತಿಗೆ ಎಣೆಯಿಲ್ಲ. 50 ಸೆಂಟಿಮೀಟರ್ ಉದ್ದ, 40 ಅಗಲ, 3 ದಪ್ಪದ ಚಪ್ಪಡಿ ಸುಮಾರು 16 ಕಿಲೊ ತೂಗುತ್ತದೆ. ಕೆಳಗಿನ ಮೇಜು ಅದಕ್ಕೆ ತಕ್ಕಂತಿರಲಿ. ಗ್ರಾನೈಟ್‌ಗೆ ಒಂದು ದುರ್ಗುಣ ಉಂಟು. ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಿ, ಗಂಟೆಯಂತೆ ಮಿಡಿಯುತ್ತದೆ. ಅಡಿಯಲ್ಲಿ ದಪ್ಪ ರಬ್ಬರ್ ಅಥವಾ ಕಂಬಳಿಯ ನಾಲ್ಕು ತುಂಡು ಇಟ್ಟರೆ ಆ ಮಿಡಿತ ಸಾಯುತ್ತದೆ. ಮೇಲ್ಮೈಗೆ ಕನ್ನಡಿ ಪಾಲಿಶ್ ಬೇಡ, ಮಂಕಾಗಿ ಉಜ್ಜಿಸಿ.

ಕಿನ್ನಾಳದ ಬಣ್ಣದ ಕೆಲಸ ಇದಕ್ಕೆ ಹೊಂದುತ್ತದೆಯೇ?

ಈ ಪ್ರಶ್ನೆ ಕೊಪ್ಪಳದಿಂದ ಬಂದದ್ದು, ನನಗೆ ಬಹಳ ಹಿಡಿಸಿದ್ದು. ಹೊಂದುತ್ತದೆ, ಆದರೆ ಯಂತ್ರದ ಮೈಗೆ ಬೇಡ, ಅದು ಕೂರುವ ಪೀಠಕ್ಕೆ. ಕಿನ್ನಾಳದ ಚಿತ್ರಗಾರರದು ಹಗುರ ಮರ, ಹುಣಸೆ ಬೀಜದ ಅಂಟು, ಮೇಲೆ ಕಣ್ಣು ಕುಕ್ಕುವ ಕೆಂಪು, ಹಸಿರು, ಹಳದಿ. ಗರುಡನನ್ನೂ ತೊಟ್ಟಿಲನ್ನೂ ಮಾಡಿದ ಕೈಗಳಿಗೆ ಒಂದು ಪೀಠ ದೊಡ್ಡ ಮಾತಲ್ಲ. ಗೆಳೆಯರೊಬ್ಬರ ಮನೆಯಲ್ಲಿ ನೋಡಿದೆ: ನಾಲ್ಕೂ ಬದಿಗೆ ಬಳ್ಳಿ ಬಿಡಿಸಿದ ಗಿಡ್ಡ ಪೀಠ, ಮೇಲೆ ಯಾವ ಅಲಂಕಾರವೂ ಇಲ್ಲದ ಕಪ್ಪು ಟರ್ನ್‌ಟೇಬಲ್. ಎರಡೂ ಒಂದನ್ನೊಂದು ಎತ್ತಿ ಹಿಡಿದಿದ್ದವು. ಪೀಠ ಮಾತಾಡುವಾಗ ಯಂತ್ರ ಸುಮ್ಮನಿರಬೇಕು. ಕೆಂಪು ಯಂತ್ರವನ್ನೇ ಇಟ್ಟಿದ್ದರೆ ಜಾತ್ರೆಯಾಗುತ್ತಿತ್ತು. ಪೀಠ ಹಗುರವಾದ್ದರಿಂದ ಒಳಗೆ ಎರಡು ಇಟ್ಟಿಗೆ ಕೂರಿಸಿದ್ದರು, ಅದನ್ನೂ ಮರೆಯಬೇಡಿ.

## ಕಣ್ಣು ಪಳಗಿದ ಮೇಲೆ

ಕೊಳ್ಳುವ ಮುಂಚೆ ಒಳ್ಳೆಯ ವಿನ್ಯಾಸ ಎಂದರೇನು ಎಂದು ಅರಿಯಬೇಕು. ಯಾವುದನ್ನು ನೋಡಲಿ?

ನಾಲ್ಕನ್ನು ನೋಡಿ. ಕೊಳ್ಳುವುದಕ್ಕಲ್ಲ, ಚಿತ್ರದಲ್ಲಾದರೂ ಸರಿ.

ಒಂದು, ಜರ್ಮನಿಯ ಬ್ರೌನ್ ಕಂಪನಿಯ 1956ರ ಎಸ್‌ಕೆ 4. ಹಾನ್ಸ್ ಗುಗೆಲೊಟ್ ಮತ್ತು ಡೀಟರ್ ರಾಮ್ಸ್ ಸೇರಿ ಮಾಡಿದ್ದು. ಬಿಳಿ ಬಳಿದ ಲೋಹದ ಮೈ, ಎರಡು ಬದಿಗೆ ಮರದ ಹಲಗೆ. ಮೊದಲು ಮುಚ್ಚಳವೂ ಲೋಹದ್ದೇ ಎಂದಿತ್ತು. ಅದು ಹಾಡಿನೊಂದಿಗೆ ಗಡಗಡಿಸಿದ್ದರಿಂದ ಪಾರದರ್ಶಕ ಅಕ್ರಿಲಿಕ್ ಬಂತು. ಜನ ಅದಕ್ಕೆ ಹಿಮಬಿಳುಪಿನ ರಾಜಕುಮಾರಿಯ (ಸ್ನೋ ವೈಟ್) ಶವಪೆಟ್ಟಿಗೆ ಎಂದು ಹೆಸರಿಟ್ಟು ಗೇಲಿ ಮಾಡಿದರು. ಇಂದು ನಿಮ್ಮ ಶೋಕೇಸಿನ ಪ್ಲೇಯರಿನ ಮುಚ್ಚಳ ಆ ಗೇಲಿಯ ಮೊಮ್ಮಗ.

ಎರಡು, 1972ರ ಬ್ಯಾಂಗ್ ಅಂಡ್ ಓಲುಫ್‌ಸೆನ್ ಬಿಯೊಗ್ರಾಮ್ 4000. ಡೆನ್ಮಾರ್ಕಿನ ಯಾಕೊಬ್ ಯೆನ್ಸೆನ್ ವಿನ್ಯಾಸ. ಅದರಲ್ಲಿ ಜೋಡಿ ತೋಳುಗಳು. ಒಂದು ತಟ್ಟೆ ಇದೆಯೇ, ಎಷ್ಟು ಗಾತ್ರದ್ದು ಎಂದು ನೋಡುತ್ತದೆ, ಇನ್ನೊಂದು ಹಾಡಿಸುತ್ತದೆ. ಎರಡೂ ಓರೆಯಾಗದೆ ಅಂಚಿನಿಂದ ನಡುವಿಗೆ ನೇರ ಗೆರೆಯಲ್ಲಿ ಸರಿಯುತ್ತವೆ. ಮೇಲೆ ಒಂದು ಗುಂಡಿಯೂ ಎದ್ದು ಕಾಣುವುದಿಲ್ಲ.

ಮೂರು, ಟೆಕ್ನಿಕ್ಸ್ ಎಸ್‌ಎಲ್-1200. ಇದೂ 1972ರದ್ದೇ, ಆದರೆ ಸ್ವಭಾವ ಪೂರ್ತಿ ತದ್ವಿರುದ್ಧ: ಎಲ್ಲವೂ ಹೊರಗೆ. ತಟ್ಟೆ ಕೂರುವ ಚಕ್ರದ ಅಂಚಿಗೆ ಚುಕ್ಕೆಗಳ ಸಾಲು, ಅದರ ಮೇಲೆ ಬೀಳುವ ಮಿನುಗು ಬೆಳಕು. ವೇಗ ಸರಿಯಿದ್ದಾಗ ಒಂದು ಸಾಲಿನ ಚುಕ್ಕೆಗಳು ನಿಂತುಬಿಟ್ಟಂತೆ ಕಾಣುತ್ತವೆ. ಅದು ಅಲಂಕಾರಕ್ಕೆ ಇಟ್ಟದ್ದಲ್ಲ, ವೇಗ ಅಳೆಯಲು ಇಟ್ಟದ್ದು. ಆದರೂ ಕತ್ತಲೆ ಕೋಣೆಯಲ್ಲಿ ಅದಕ್ಕಿಂತ ಚೆಂದದ ಅಲಂಕಾರವನ್ನು ನಾನು ನೋಡಿಲ್ಲ. 2010ರಲ್ಲಿ ತಯಾರಿಕೆ ನಿಲ್ಲಿಸಿದ ಕಂಪನಿ 2016ರಲ್ಲಿ ಮತ್ತೆ ಶುರು ಮಾಡಬೇಕಾಯಿತು. ಆಕಾರವನ್ನು ಹೆಚ್ಚುಕಡಿಮೆ ಹಾಗೆಯೇ ಉಳಿಸಿಕೊಂಡರು.

ನಾಲ್ಕು, ಇಂಗ್ಲೆಂಡಿನ ಮಿಷೆಲ್ ಗೈರೊಡೆಕ್. ಪೆಟ್ಟಿಗೆಯೇ ಇಲ್ಲ, ಅಕ್ರಿಲಿಕ್ ಅಡಿಗಟ್ಟು, ಚಕ್ರದ ಕೆಳಗೆ ನೇತಾಡುತ್ತಾ ತಿರುಗುವ ಬಂಗಾರದ ಬಣ್ಣದ ತೂಕದ ಗುಂಡುಗಳು. ತೇರಿನ ಗೊಂಡೆಗಳ ನೆನಪಾಗುತ್ತದೆ. ನಮ್ಮ ಧೂಳಿನಲ್ಲಿ ಪ್ರತಿ ಗುಂಡನ್ನೂ ಒರೆಸುವವರು ಯಾರು ಎಂಬ ಚಿಂತೆಯೂ ಆಗುತ್ತದೆ.

ಈ ನಾಲ್ಕನ್ನೂ ನೋಡಿದ ಮೇಲೆ ಅಂಗಡಿಗೆ ಹೋದರೆ, ಏನನ್ನೋ ಮುಚ್ಚಲು ಹಾಕಿದ ಹೊಳಪು ಯಾವುದು, ಕೆಲಸದಿಂದಲೇ ಹುಟ್ಟಿದ ಆಕಾರ ಯಾವುದು ಎಂದು ಕಣ್ಣಿಗೇ ತಿಳಿಯುತ್ತದೆ.

ಬಾಗಿದ ತೋಳೇ ನನಗೆ ಇಷ್ಟ. ಈಗಿನವು ನೇರವಾಗಿವೆ. ಯಾವುದು ಮೇಲು?

ಎಸ್ ಆಕಾರದ ತೋಳಿನ ತುದಿಯಲ್ಲಿ ಕಾರ್ಟ್ರಿಡ್ಜ್ ಕೂರುವ ಹೆಡ್‌ಶೆಲ್ ಕಳಚಿ ಬೇರೆ ಕಾರ್ಟ್ರಿಡ್ಜ್ ಹಾಕಲು ಸುಲಭ. ನೇರ ತೋಳು ಸಾಮಾನ್ಯವಾಗಿ ಹಗುರ, ಗಟ್ಟಿ. ಗೀರಿಗೆ ಸರಿಯಾದ ಕೋನದಲ್ಲಿ ಮುಳ್ಳು ಕೂರಬೇಕಾದ್ದರಿಂದ ನೇರ ತೋಳಿನಲ್ಲೂ ತಲೆ ಒಂದಿಷ್ಟು ಓರೆಯಾಗಿಯೇ ಇರುತ್ತದೆ. ಧ್ವನಿಯ ಲೆಕ್ಕದಲ್ಲಿ ಎರಡೂ ಒಳ್ಳೆಯವು ಸಿಗುತ್ತವೆ. ಹಾಗಾಗಿ ಇಲ್ಲಿ ಸಂಕೋಚವಿಲ್ಲದೆ ಕಣ್ಣಿನ ಮಾತು ಕೇಳಿ.

ಗೋಡೆಗೆ ತೂಗುಹಾಕುವ, ತಟ್ಟೆ ನೆಟ್ಟಗೆ ನಿಂತು ತಿರುಗುವ ಮಾದರಿ ನೋಡಿದೆ. ಒಳ್ಳೆಯದೇ?

ಕೆಲಸ ಮಾಡುತ್ತದೆ, ಪ್ರೊ-ಜೆಕ್ಟ್‌ನಂಥವರೇ ಮಾಡಿದ್ದಾರೆ. ತಟ್ಟೆಯನ್ನು ನಡುವೆ ಬಿಗಿದು ತಿರುಗಿಸುತ್ತದೆ. ಆದರೆ ಮುಚ್ಚಳವಿಲ್ಲ, ಅದೂ ಅಲ್ಲದೆ ಕ್ಯಾಲೆಂಡರಿನಂತೆ ಎರಡೇ ವಾರದಲ್ಲಿ ಕಣ್ಣು ಅದನ್ನು ಮರೆಯುತ್ತದೆ.

ಅಮೆರಿಕದಲ್ಲಿರುವ ಅಣ್ಣ ಹಳೆಯ, ಬಹಳ ಸುಂದರವಾದ ಟರ್ನ್‌ಟೇಬಲ್ ತರುತ್ತೇನೆ ಎನ್ನುತ್ತಾನೆ. ಇಲ್ಲಿ ನಡೆಯುತ್ತದೆಯೇ?

ಮೋಟಾರು ಯಾವುದು ಎಂದು ಮೊದಲು ಕೇಳಿ. ಅಲ್ಲಿ 120 ವೋಲ್ಟ್, 60 ಹರ್ಟ್ಸ್. ಇಲ್ಲಿ 230 ವೋಲ್ಟ್, 50 ಹರ್ಟ್ಸ್. ವೋಲ್ಟೇಜ್ ಇಳಿಸಲು ಟ್ರಾನ್ಸ್‌ಫಾರ್ಮರ್ ಸಿಗುತ್ತದೆ, ಹರ್ಟ್ಸ್, ಅಂದರೆ ವಿದ್ಯುತ್ತಿನ ಕಂಪನದ ವೇಗ, ಅದರಿಂದ ಬದಲಾಗುವುದಿಲ್ಲ. ಎಸಿ ಸಿಂಕ್ರೊನಸ್ ಮೋಟಾರಿನ ಹಳೆಯ ಬೆಲ್ಟ್ ಯಂತ್ರ ಹರ್ಟ್ಸ್‌ನ ತಾಳಕ್ಕೇ ತಿರುಗುವುದರಿಂದ 33⅓ ಇದ್ದದ್ದು 27.8 ಸುತ್ತಿಗೆ ಇಳಿಯುತ್ತದೆ. ಹೆಣ್ಣು ದನಿ ಗಂಡಾಗುತ್ತದೆ. ಬೆಲ್ಟ್ ಓಡಿಸುವ 50 ಹರ್ಟ್ಸ್‌ನ ಪುಲ್ಲಿ ಸಿಗುವುದಾದರೆ ಮಾತ್ರ ತರಿಸಿ. ಮೋಟಾರೇ ನೇರವಾಗಿ ಚಕ್ರ ತಿರುಗಿಸುವ, ಕ್ವಾರ್ಟ್ಜ್ ನಿಯಂತ್ರಣದ ಡೈರೆಕ್ಟ್ ಡ್ರೈವ್ ಆದರೆ ಈ ತಲೆನೋವಿಲ್ಲ, ಟ್ರಾನ್ಸ್‌ಫಾರ್ಮರ್ ಸಾಕು. ಬ್ಯಾಂಗ್ ಅಂಡ್ ಓಲುಫ್‌ಸೆನ್ ಆದರೆ ಕಾರ್ಟ್ರಿಡ್ಜ್ ಅವರದೇ ಅಚ್ಚಿನದು, ಸಾಮಾನ್ಯ ಕಾರ್ಟ್ರಿಡ್ಜ್ ಕೂರುವುದಿಲ್ಲ.

ಬೆಂಗಳೂರಿನಿಂದಲೋ ಹೈದರಾಬಾದಿನಿಂದಲೋ ತರಿಸುವಾಗ ಮೈಗೆ ಪೆಟ್ಟಾಗದಂತೆ ಏನು ಮಾಡಬೇಕು?

ಸಾಧ್ಯವಾದರೆ ರೈಲಿನಲ್ಲಿ ನೀವೇ ತನ್ನಿ. ನನ್ನ ಮೊದಲನೆಯದು ಪಾರ್ಸೆಲ್ಲಿನಲ್ಲಿ ಬಂತು. ಮಾರಿದವರು ಲೋಹದ ಚಕ್ರವನ್ನು ತೆಗೆಯದೆ, ತೋಳನ್ನು ಕಟ್ಟದೆ ಹಾಗೆಯೇ ಡಬ್ಬಿ ಮುಚ್ಚಿದ್ದರು. ದಾರಿಯುದ್ದಕ್ಕೂ ಚಕ್ರ ಕುಣಿದು ಒಳಗಿನಿಂದಲೇ ಮುಚ್ಚಳಕ್ಕೆ ಅರ್ಧಚಂದ್ರದ ಗುರುತು ಕೊರೆದಿತ್ತು, ಬೇರಿಂಗಿಗೂ ಪೆಟ್ಟು ಬಿದ್ದಿತ್ತು. ಚಕ್ರವನ್ನು ತೆಗೆದು ಬೇರೆಯಾಗಿ ಸುತ್ತಬೇಕು. ತೋಳಿನ ಹಿಂದಿನ ತೂಕದ ಗುಂಡನ್ನು ಕಳಚಿ, ತೋಳನ್ನು ಅದರ ಆಸರೆಗೆ ಮೆತ್ತನೆಯ ದಾರದಿಂದ ಕಟ್ಟಬೇಕು. ಮುಳ್ಳಿಗೆ ಅದರ ಟೊಪ್ಪಿಗೆ ಹಾಕಬೇಕು. ಮುಚ್ಚಳಕ್ಕೂ ಯಂತ್ರಕ್ಕೂ ನಡುವೆ ಪೇಪರ್ ಬೇಡ, ಹತ್ತಿಬಟ್ಟೆ ಹಾಕಿ. ನ್ಯೂಸ್‌ಪ್ರಿಂಟಿನ ಶಾಯಿ ಬಿಳಿ ಮೈಗೆ ಹತ್ತಿಕೊಂಡರೆ ಹೋಗುವುದಿಲ್ಲ. ನನ್ನ ಹಳೆಯ ಮುಚ್ಚಳದ ಒಳಗೆ ಒಂದು ಪತ್ರಿಕೆಯ ಅರ್ಧ ತಲೆಬರಹ ಇಂದಿಗೂ ತಿರುಗುಮುರುಗಾಗಿ ಓದಲು ಸಿಗುತ್ತದೆ.